ವೈದ್ಯರ ತಪ್ಪಿಗೆ ವೈದ್ಯರದೇ ಸಾಕ್ಷಿ

2002ರ ಜುಲೈನಲ್ಲಿ ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಮಹಿಳೆಯೊಬ್ಬರು ದಾಖಲಾದರು. ಬಿಟ್ಟು ಬಿಟ್ಟು ಬರುವ ಜ್ವರ, ಜೊತೆಗೆ ಚಳಿ. ಅವರ ಗಂಡ ಮಲೇರಿಯಾ ಇಲಾಖೆಯಲ್ಲೇ ಅಧಿಕಾರಿ. ಆಸ್ಪತ್ರೆಯಲ್ಲಿ ನಡೆದದ್ದು ಟೈಫಾಯಿಡ್ ಚಿಕಿತ್ಸೆ. ನಾಲ್ಕು ದಿನಗಳಲ್ಲಿ ಸ್ಥಿತಿ ಕೈಮೀರಿತು; ಬೇರೆ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಉಳಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಸಾವಿನ ದಾಖಲೆಯಲ್ಲಿ ಮಲೇರಿಯಾ ಎಂದು ಬಂತು. ತಾವು ಮಲೇರಿಯಾಕ್ಕೆ ಚಿಕಿತ್ಸೆ ಕೊಟ್ಟಿರಲಿಲ್ಲ ಎಂದು ಮೊದಲ ಆಸ್ಪತ್ರೆಯ ಪರವಾಗಿ ಬಂದ ವೈದ್ಯರೇ ಸಾಕ್ಷ್ಯದಲ್ಲಿ ಒಪ್ಪಿದರು. ಜಿಲ್ಲಾ ಗ್ರಾಹಕ ವೇದಿಕೆ 2 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು. ರಾಜ್ಯ ಆಯೋಗ ಅದನ್ನು ಹೊಡೆದುಹಾಕಿತು. ದೂರುದಾರರು ತಜ್ಞರ ಅಭಿಪ್ರಾಯ ತಂದಿಲ್ಲ ಎಂಬುದು ಅದು ಕೊಟ್ಟ ಕಾರಣ. ರಾಷ್ಟ್ರೀಯ ಆಯೋಗವೂ ಅದನ್ನೇ ಎತ್ತಿಹಿಡಿಯಿತು. 2010ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲಾ ವೇದಿಕೆಯ ಆದೇಶವನ್ನು ಮರುಸ್ಥಾಪಿಸಿತು. ಚಿಕಿತ್ಸೆ ಕೊಟ್ಟವರ ಬಾಯಿಂದಲೇ ಬಂದ ಮಾತಿಗೆ ಇನ್ನೊಬ್ಬ ವೈದ್ಯರ ಮುದ್ರೆ ಬೇಕೇ ಎಂಬುದನ್ನು ತೀರ್ಮಾನಿಸಲು ಎಂಟು ವರ್ಷ ಹಿಡಿಯಿತು.

ವಿ. ಕಿಶನ್ ರಾವ್ ಪ್ರಕರಣ ಎಂದು ವಕೀಲರು ಕರೆಯುವ ಈ ತೀರ್ಪು ವೈದ್ಯಕೀಯ ನಿರ್ಲಕ್ಷ್ಯದ ವ್ಯಾಜ್ಯಗಳಲ್ಲಿ ದಿನವೂ ಉಲ್ಲೇಖಗೊಳ್ಳುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುವ ತೀರ್ಪುಗಳೂ ಅಷ್ಟೇ ಸಲೀಸಾಗಿ ಸಿಗುತ್ತವೆ. ತಜ್ಞಸಾಕ್ಷ್ಯ ಬೇಕೇ ಬೇಡವೇ ಎಂಬ ಈ ಹಗ್ಗಜಗ್ಗಾಟದಲ್ಲಿ ಮುಖ್ಯವಾದ ಪ್ರಶ್ನೆಯೇ ಮರೆಯಾಗಿದೆ ಎಂಬುದು ನನ್ನ ಎಣಿಕೆ. ತಜ್ಞರನ್ನು ನಾವು ಏನೆಂದು ಕೇಳುತ್ತಿದ್ದೇವೆ?

ಸಾಮಾನ್ಯ ಸಾಕ್ಷಿ ಕಟಕಟೆಯಲ್ಲಿ ನಿಂತು ಕಂಡದ್ದನ್ನು, ಕೇಳಿದ್ದನ್ನು ಹೇಳಬೇಕು. ತನಗೆ ಅನ್ನಿಸಿದ್ದನ್ನು ಹೇಳತೊಡಗಿದರೆ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಈ ನಿಯಮಕ್ಕೆ 1872ರ ಸಾಕ್ಷ್ಯ ಕಾಯಿದೆಯ 45ನೇ ಕಲಮು ಒಂದು ವಿನಾಯಿತಿ ಕೊಟ್ಟಿತು. ವಿಜ್ಞಾನ, ಕಲೆ, ವಿದೇಶಿ ಕಾನೂನು, ಕೈಬರಹ, ಬೆರಳಚ್ಚು ಇಂಥ ವಿಷಯಗಳಲ್ಲಿ ವಿಶೇಷ ಪರಿಣತಿ ಉಳ್ಳವರ ಅಭಿಪ್ರಾಯವನ್ನೂ ಕೋರ್ಟ್ ಕೇಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 39ನೇ ಕಲಮಾಗಿದೆ. 'ಬೇರಾವುದೇ ಕ್ಷೇತ್ರ' ಎಂದು ಸೇರಿಸಿ ಅದರ ಹರವನ್ನೂ ಹಿಗ್ಗಿಸಿದ್ದಾರೆ. ಹಳೆಯ ಕಾಯಿದೆಯಲ್ಲೂ ಹೊಸದರಲ್ಲೂ ಇರುವ ಇನ್ನೊಂದು ಮಾತು ಅಷ್ಟು ಚರ್ಚೆಗೆ ಬರುವುದಿಲ್ಲ. ಅಭಿಪ್ರಾಯದಷ್ಟೇ ಅದರ ಹಿಂದಿನ ಕಾರಣಗಳೂ ಪ್ರಸ್ತುತ ಎಂದು ಕಾನೂನು ಹೇಳುತ್ತದೆ. ಕಾರಣ ಹೇಳದ ತಜ್ಞರ ಮಾತಿಗೆ ಬೆಲೆ ಕಡಿಮೆ. 1999ರಲ್ಲಿ ಹಿಮಾಚಲದ ಸೇಬಿನ ತೋಟಗಳಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ತಜ್ಞರು ತಮ್ಮ ಅಳತೆಗೋಲನ್ನು ಕೋರ್ಟಿನ ಮುಂದಿಡಬೇಕು, ಅಳೆಯುವ ಕೆಲಸ ಕೋರ್ಟಿನದು. ಸೇಬಿಗಾಗಿ ಹೇಳಿದ ಮಾತು ಹತ್ತು ವರ್ಷಗಳ ನಂತರ ಬೆನ್ನುಹುರಿಯ ಶಸ್ತ್ರಕ್ರಿಯೆಯ ಪ್ರಕರಣದಲ್ಲೂ ಕೆಲಸಕ್ಕೆ ಬಂತು. ತಜ್ಞರದು ಸಲಹೆ ಮಾತ್ರ, ತೀರ್ಪಲ್ಲ ಎಂಬ ನಿಲುವನ್ನು ಕೋರ್ಟ್ ಅಲ್ಲಿ ಪುನರುಚ್ಚರಿಸಿತು.

ಹಾಗಿದ್ದರೂ ವೈದ್ಯಕೀಯ ವ್ಯಾಜ್ಯಗಳಲ್ಲಿ ತಜ್ಞರ ಮಾತಿಗೆ ಬೇರೆಲ್ಲೂ ಇಲ್ಲದ ತೂಕ ಬಂದದ್ದು ಇಂಗ್ಲೆಂಡಿನ ಒಂದು ಪ್ರಕರಣದಿಂದ. 1954ರಲ್ಲಿ ಲಂಡನ್ನಿನ ಫ್ರಯರ್ನ್ ಆಸ್ಪತ್ರೆಯಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ಜಾನ್ ಬೋಲಮ್ ಎಂಬವರಿಗೆ ವಿದ್ಯುತ್ ಆಘಾತ ಕೊಟ್ಟರು. ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟಿರಲಿಲ್ಲ, ದೇಹವನ್ನು ಹಿಡಿದುಕೊಂಡೂ ಇರಲಿಲ್ಲ. ಸೆಟೆತದ ಹೊಡೆತಕ್ಕೆ ಎರಡೂ ಕಡೆ ಸೊಂಟದ ಕೀಲು ಮುರಿಯಿತು. ಕೋರ್ಟಿಗೆ ಬಂದ ತಜ್ಞರಲ್ಲಿ ಎರಡು ಮತ. ಸಡಿಲಿಸುವ ಔಷಧ ಕೊಡಬೇಕೆಂದು ಕೆಲವರು, ಅದರಲ್ಲೇ ಸಾವಿನ ಅಪಾಯವಿದೆ, ಕೊಡಬಾರದೆಂದು ಕೆಲವರು. 1957ರಲ್ಲಿ ನ್ಯಾಯಮೂರ್ತಿ ಮೆಕ್‌ನೇರ್ ಜ್ಯೂರಿಗೆ ಹೇಳಿದ ಮಾತಿನ ಸಾರಾಂಶ ಇದು: ಆ ಕ್ಷೇತ್ರದ ಹೊಣೆಯರಿತ ವೈದ್ಯರ ಒಂದು ಗುಂಪು ಸರಿಯೆಂದು ಒಪ್ಪುವ ಪದ್ಧತಿಯನ್ನು ವೈದ್ಯ ಅನುಸರಿಸಿದ್ದರೆ, ಇನ್ನೊಂದು ಗುಂಪು ಒಪ್ಪದಿದ್ದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು. ಜ್ಯೂರಿ ಆಸ್ಪತ್ರೆಯ ಪರ ನಿಂತಿತು.

ಕೇಳಲು ಇದು ನ್ಯಾಯವಾಗಿಯೇ ಇದೆ. ಒಂದೇ ಕಾಯಿಲೆಗೆ ಎರಡು ದಾರಿ ಇರುವುದು ವೈದ್ಯಲೋಕದಲ್ಲಿ ಹೊಸದಲ್ಲ. ಒಂದನ್ನು ಆರಿಸಿದ್ದಕ್ಕೆ ಶಿಕ್ಷೆಯಾದರೆ ಯಾವ ವೈದ್ಯರೂ ಕಷ್ಟದ ರೋಗಿಯನ್ನು ಮುಟ್ಟುವುದಿಲ್ಲ. ಆದರೆ ಬೋಲಮ್ ಸೂತ್ರದ ಪರಿಣಾಮವಾಗಿ ಮೊಕದ್ದಮೆಯ ಕೇಂದ್ರ ಸರಿಯಿತು. ರೋಗಿಗೆ ಏನಾಯಿತು ಎಂಬುದಕ್ಕಿಂತ ವೈದ್ಯರ ಪರವಾಗಿ ಮಾತಾಡುವ ಇನ್ನಿಬ್ಬರು ವೈದ್ಯರು ಸಿಕ್ಕರೇ ಎಂಬುದು ದೊಡ್ಡದಾಯಿತು. ವೃತ್ತಿಯ ಪ್ರಮಾಣವನ್ನು ವೃತ್ತಿಯೇ ನಿಗದಿಮಾಡಿ, ಅದರ ಪಾಲನೆಯಾಯಿತೇ ಎಂದೂ ವೃತ್ತಿಯೇ ಹೇಳುವ ಏರ್ಪಾಡು ಇದು.

ಇದಕ್ಕೊಂದು ಬಿರಿ ಹಾಕಿದ್ದು 1997ರ ಬೊಲಿಥೊ ತೀರ್ಪು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿದ್ದ ಎರಡು ವರ್ಷದ ಮಗುವಿಗೆ ಉಸಿರಾಟದ ತೊಂದರೆ ಎದ್ದಿತು. ನರ್ಸ್ ಕರೆದರೂ ವೈದ್ಯರು ಬರಲಿಲ್ಲ. ಬಂದಿದ್ದರೆ ಗಂಟಲಿಗೆ ಕೊಳವೆ ಹಾಕುತ್ತಿದ್ದರೇ, ಹಾಕದಿದ್ದರೆ ಅದು ತಪ್ಪಾಗುತ್ತಿತ್ತೇ ಎಂಬುದು ಪ್ರಶ್ನೆ. ಹಾಕಲೇಬೇಕಿತ್ತು ಎಂದವರು ಐವರು ತಜ್ಞರು, ಬೇಕಿರಲಿಲ್ಲ ಎಂದವರು ಮೂವರು. ತಲೆ ಎಣಿಸಿ ತೀರ್ಮಾನಿಸುವ ಪ್ರಶ್ನೆ ಇದಲ್ಲ ಎಂದ ಹೌಸ್ ಆಫ್ ಲಾರ್ಡ್ಸ್, ತಜ್ಞರ ಅಭಿಪ್ರಾಯ ತರ್ಕಕ್ಕೆ ನಿಲ್ಲದಿದ್ದರೆ ಕೋರ್ಟ್ ಅದನ್ನು ಪಕ್ಕಕ್ಕಿಡಬಹುದು ಎಂದಿತು. ವಿಚಿತ್ರವೆಂದರೆ ಹೀಗೆ ಹೇಳಿದ ಮೇಲೂ ಆ ಮೊಕದ್ದಮೆಯಲ್ಲಿ ಗೆದ್ದದ್ದು ಆಸ್ಪತ್ರೆಯೇ.

ಭಾರತಕ್ಕೆ ಬೋಲಮ್ ಬಂದದ್ದು ಮೊದಲೇ; ಅದು ಭದ್ರವಾಗಿ ನೆಲೆಯೂರಿದ್ದು 2005ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, 1995ರ ನವೆಂಬರಿನಲ್ಲಿ, ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯಿದೆಯಡಿ ಸೇವೆಯೇ ಎಂದು ತೀರ್ಮಾನಿಸಿತ್ತು. ಸಿವಿಲ್ ಕೋರ್ಟಿನ ಖರ್ಚು, ನ್ಯಾಯಾಲಯ ಶುಲ್ಕ, ದಶಕಗಳ ಕಾಯುವಿಕೆಗೆ ಹೆದರಿ ಸುಮ್ಮನಿದ್ದವರು ಜಿಲ್ಲಾ ವೇದಿಕೆಗಳತ್ತ ಬಂದರು. ಈ ವೇದಿಕೆಗಳ ಉದ್ದೇಶವೇ ಬೇಗ, ಸರಳವಾಗಿ, ಅಫಿಡವಿಟ್ಟು ಮತ್ತು ಕಾಗದಪತ್ರಗಳ ಮೇಲೆ ತೀರ್ಮಾನಿಸುವುದು. ತಜ್ಞರನ್ನು ಕರೆಸಿ ಪಾಟೀಸವಾಲು ನಡೆಸುವುದಕ್ಕೂ ಈ ಸರಳತೆಗೂ ಹೊಂದಾಣಿಕೆ ಹೇಗೆ? 2002ರ ಜೆ.ಜೆ. ಮರ್ಚೆಂಟ್ ತೀರ್ಪು ಇದಕ್ಕೆ ಜಾಣತನದ ಉತ್ತರ ಕೊಟ್ಟಿತ್ತು. ತಜ್ಞರ ಹೇಳಿಕೆಯನ್ನು ಅಫಿಡವಿಟ್ಟಿನಲ್ಲಿ ಪಡೆಯಿರಿ, ಪಾಟೀಸವಾಲು ಬೇಕೆಂದರೆ ಕಮಿಷನರ್ ಮೂಲಕವೋ ದೂರವಾಣಿಯಲ್ಲೋ ವಿಡಿಯೊ ಕಾನ್ಫರೆನ್ಸಿನಲ್ಲೋ ನಡೆಸಿ, ಖರ್ಚನ್ನು ಕೇಳಿದವರು ಭರಿಸಲಿ ಎಂದಿತ್ತು. 2002ರಲ್ಲಿ ವಿಡಿಯೊ ಕಾನ್ಫರೆನ್ಸ್! ನಮ್ಮ ಎಷ್ಟೋ ಜಿಲ್ಲಾ ವೇದಿಕೆಗಳಲ್ಲಿ ಆಗ ಕಂಪ್ಯೂಟರ್ ಇದ್ದರೂ ಬಟ್ಟೆ ಹೊದ್ದು ಕೂತಿರುತ್ತಿತ್ತು.

2005ರ ಜೇಕಬ್ ಮ್ಯಾಥ್ಯೂ ಪ್ರಕರಣ ಕ್ರಿಮಿನಲ್ ಮೊಕದ್ದಮೆ. ಲುಧಿಯಾನದ ಆಸ್ಪತ್ರೆಯಲ್ಲಿ ಉಸಿರಾಟ ಕಷ್ಟವಾದ ವೃದ್ಧ ರೋಗಿಗೆ ತಂದು ಜೋಡಿಸಿದ ಆಮ್ಲಜನಕದ ಸಿಲಿಂಡರ್ ಖಾಲಿ ಇತ್ತು ಎಂಬುದು ಆರೋಪ. ವೈದ್ಯರ ಮೇಲೆ ಐಪಿಸಿ 304ಎ ಅಡಿ ಮೊಕದ್ದಮೆ ದಾಖಲಾಯಿತು. ಸುಪ್ರೀಂ ಕೋರ್ಟಿನ ಮೂವರ ಪೀಠ ಅದನ್ನು ರದ್ದುಮಾಡುತ್ತಾ, ಸಿಲಿಂಡರ್ ಸಿಗದಿದ್ದುದಕ್ಕೆ ಆಸ್ಪತ್ರೆ ಸಿವಿಲ್ ಹೊಣೆ ಹೊರಬೇಕಾಗಬಹುದು, ಆದರೆ ವೈದ್ಯರನ್ನು ಜೈಲಿಗೆ ಕಳಿಸಲು ಘೋರ ನಿರ್ಲಕ್ಷ್ಯ ಬೇಕು ಎಂದಿತು. ಜೊತೆಗೆ, ಸರ್ಕಾರಗಳು ನಿಯಮ ರೂಪಿಸುವವರೆಗೆ ಎಂದು ಹೇಳಿ ಮಾರ್ಗಸೂಚಿಗಳನ್ನು ಹಾಕಿಕೊಟ್ಟಿತು. ಖಾಸಗಿ ಫಿರ್ಯಾದು ತರುವವರು ಇನ್ನೊಬ್ಬ ಸಮರ್ಥ ವೈದ್ಯರ ನಂಬಲರ್ಹ ಅಭಿಪ್ರಾಯ ತರಬೇಕು. ತನಿಖಾಧಿಕಾರಿ ಮುಂದುವರಿಯುವ ಮೊದಲು ಅದೇ ಶಾಖೆಯ, ಸಾಧ್ಯವಾದಷ್ಟೂ ಸರ್ಕಾರಿ ಸೇವೆಯಲ್ಲಿರುವ ವೈದ್ಯರ ನಿಷ್ಪಕ್ಷಪಾತ ಅಭಿಪ್ರಾಯ ಪಡೆಯಬೇಕು. ಮಾಮೂಲಿಯಂತೆ ಬಂಧಿಸಬಾರದು.

ಕ್ರಿಮಿನಲ್ ಮೊಕದ್ದಮೆಗೆ ಈ ಬೇಲಿ ಬೇಕೇ ಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿ ತೀರಿಕೊಂಡಾಗ ಕೊಲೆ ಮೊಕದ್ದಮೆ ಹಾಕಿಸಿಕೊಂಡ ರಾಜಸ್ಥಾನದ ವೈದ್ಯೆಯೊಬ್ಬರು 2022ರಲ್ಲಿ ಪ್ರಾಣ ಕಳೆದುಕೊಂಡರು. ಠಾಣೆಯ ಮುಂದೆ ಸೇರಿದ ಜನರ ಒತ್ತಡಕ್ಕೆ ಮಣಿದು ಕಲಮು ಹಾಕುವ ಪೊಲೀಸರಿಗೆ ವೈದ್ಯರ ಅಭಿಪ್ರಾಯದ ಅಡ್ಡಿ ಇರಲೇಬೇಕು. ತೊಡಕು ಹುಟ್ಟಿದ್ದು 2009ರಲ್ಲಿ, ಇದೇ ಬೇಲಿಯನ್ನು ಗ್ರಾಹಕ ವೇದಿಕೆಗಳ ಬಾಗಿಲಿಗೂ ತಂದು ನಿಲ್ಲಿಸಿದಾಗ. ಮಾರ್ಟಿನ್ ಡಿಸೋಜಾ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಗ್ರಾಹಕ ವೇದಿಕೆ ಕೂಡ ವೈದ್ಯರಿಗೆ ನೋಟಿಸ್ ಕಳಿಸುವ ಮೊದಲು ತಜ್ಞ ವೈದ್ಯರ ಅಥವಾ ತಜ್ಞರ ಸಮಿತಿಯ ಅಭಿಪ್ರಾಯ ಪಡೆಯಬೇಕು ಎಂದು ನಿರ್ದೇಶಿಸಿತು. ದೂರು ಹೊತ್ತು ಬಂದವರ ಕಡತ ನೋಟಿಸ್ ಹಂತಕ್ಕೂ ಹೋಗದೆ ಯಾವುದೋ ವೈದ್ಯಕೀಯ ಕಾಲೇಜಿನ ಟಪಾಲು ವಿಭಾಗದಲ್ಲಿ ಮಲಗುವ ಸ್ಥಿತಿ ಇದರಿಂದ ಬರುತ್ತಿತ್ತು. ಮರುವರ್ಷವೇ ಕಿಶನ್ ರಾವ್ ತೀರ್ಪು ಇದನ್ನು ತಿದ್ದಿತು. ಡಿಸೋಜಾ ನಿರ್ದೇಶನ ದೊಡ್ಡ ಪೀಠಗಳ ಹಿಂದಿನ ತೀರ್ಪುಗಳಿಗೂ ಕಾಯಿದೆಗೂ ಹೊಂದುವುದಿಲ್ಲ. ತಜ್ಞರು ಬೇಕೇ ಎಂಬುದನ್ನು ವೇದಿಕೆ ಪ್ರಕರಣ ನೋಡಿ ನಿರ್ಧರಿಸಲಿ ಎಂದಿತು.

ಹಾಗೆಂದು ಲೋಲಕ ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ, ಕರ್ನಾಟಕ ಹೈಕೋರ್ಟಿನಿಂದ ಬಂದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಬರೆದ ಹರೀಶ್ ಕುಮಾರ್ ಖುರಾನಾ ತೀರ್ಪು, ಪ್ರತಿಯೊಂದು ಸಾವನ್ನೂ ನಿರ್ಲಕ್ಷ್ಯವೆಂದು ಭಾವಿಸಲಾಗದು, ವೈದ್ಯಕೀಯ ಸಾಕ್ಷ್ಯವಿಲ್ಲದೆ ಕೇವಲ ಊಹೆಯ ಮೇಲೆ ವೈದ್ಯರನ್ನು ಹೊಣೆ ಮಾಡಲಾಗದು ಎಂದು ಹೇಳಿ ರಾಷ್ಟ್ರೀಯ ಆಯೋಗ ಕೊಟ್ಟಿದ್ದ ಪರಿಹಾರವನ್ನು ತಳ್ಳಿಹಾಕಿತು. 2024ರ ಅಕ್ಟೋಬರಿನಲ್ಲಿ ಚಂಡೀಗಢದಲ್ಲಿ ಬಾಲಕನೊಬ್ಬನಿಗೆ ನಡೆದ ಕಣ್ಣುರೆಪ್ಪೆಯ ಶಸ್ತ್ರಕ್ರಿಯೆಯ ಪ್ರಕರಣದಲ್ಲೂ ಅದೇ ಧಾಟಿ: ಫಲ ಕೆಟ್ಟದಾಯಿತು ಎನ್ನುವುದು ಸಾಲದು, ತಜ್ಞರ ಸಾಕ್ಷ್ಯ ಎಲ್ಲಿ? ಈ ತೀರ್ಪುಗಳನ್ನು ಎದುರುಬದುರು ಇಟ್ಟು ಒಂದು ಸರಿ, ಇನ್ನೊಂದು ತಪ್ಪು ಎನ್ನುವುದು ಸುಲಭ. ನಿಜವಾಗಿ ಅವು ಬೇರೆ ಬೇರೆ ಬಗೆಯ ಪ್ರಕರಣಗಳು.

ಕೆಲವಕ್ಕೆ ತಜ್ಞರೇ ಬೇಡ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಸಂತಾನಹರಣ ಶಸ್ತ್ರಕ್ರಿಯೆಯಾದ ಬಾಣಂತಿಯ ಹೊಟ್ಟೆಯಲ್ಲಿ ಟವೆಲ್ ಉಳಿದು ಆಕೆ ತೀರಿಕೊಂಡರು. ಅದು ಅಲ್ಲಿರಬಾರದಿತ್ತು ಎನ್ನಲು ಎಂ.ಎಸ್. ಪದವಿ ಬೇಕಿಲ್ಲ. ಹೋಮಿಯೋಪಥಿ ಓದಿ ಅಲೋಪಥಿ ಔಷಧ ಬರೆದವರ ಪ್ರಕರಣವೂ ಹಾಗೆ. ಇಂಥಲ್ಲಿ ಸಂಗತಿಯೇ ಮಾತಾಡುತ್ತದೆ ಎಂಬ ಹಳೆಯ ಲ್ಯಾಟಿನ್ ಸೂತ್ರವನ್ನು ನಮ್ಮ ಕೋರ್ಟುಗಳು ಬಳಸುತ್ತವೆ. ಒಪ್ಪಿಗೆಯ ಪ್ರಶ್ನೆ ಇನ್ನೂ ಸೂಕ್ಷ್ಮ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಲ್ಯಾಪರೊಸ್ಕೋಪಿ ಮೂಲಕ ಪರೀಕ್ಷೆಗೆಂದು ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿ ಮಲಗಿದ್ದಾಗಲೇ ಆಕೆಯ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯಗಳನ್ನು ತೆಗೆದುಬಿಟ್ಟಿದ್ದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು ಎರಡು ಪ್ರಶ್ನೆಗಳನ್ನು ಬೇರೆ ಮಾಡಿತು. ರೋಗನಿದಾನ, ಚಿಕಿತ್ಸೆಯ ಆಯ್ಕೆ ಸರಿಯೇ ಎಂಬುದಕ್ಕೆ ತಜ್ಞರ ಮಾತು ಕೇಳಿ ವೈದ್ಯರ ಪರ ನಿಂತಿತು. ರೋಗಿಯ ಒಪ್ಪಿಗೆ ಇತ್ತೇ ಎಂಬುದನ್ನು ಮಾತ್ರ ತಾನೇ ನಿರ್ಧರಿಸಿ ವೈದ್ಯರದು ತಪ್ಪು ಎಂದಿತು. ತಜ್ಞರ ವ್ಯಾಪ್ತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಪ್ರಕರಣ ನಮ್ಮಲ್ಲಿ ಅಪರೂಪ. ಕೊನೆಗೆ ಕೊಡಿಸಿದ ಪರಿಹಾರ ಬರೀ 25 ಸಾವಿರ ಎಂಬುದು ಬೇರೆ ಮಾತು.

ಉಳಿದ ಬಹುಪಾಲು ಪ್ರಕರಣಗಳಲ್ಲಿ ತಜ್ಞರು ಬೇಕು. ಅಲ್ಲಿ ನಿಜವಾಗಿ ನಡೆಯುವುದೇನು? ಜಿಲ್ಲಾ ಆಯೋಗ (ಹಿಂದಿನ ಜಿಲ್ಲಾ ವೇದಿಕೆಗೆ ಈಗಿನ ಹೆಸರು) ಅಥವಾ ಪೊಲೀಸ್ ಠಾಣೆಯಿಂದ ಒಂದು ಪತ್ರ ಜಿಲ್ಲಾ ಆರೋಗ್ಯಾಧಿಕಾರಿಗೋ ಸರ್ಕಾರಿ ವೈದ್ಯಕೀಯ ಕಾಲೇಜಿಗೋ ಹೋಗುತ್ತದೆ. ಕೇಸ್ ಶೀಟಿನ ಜೆರಾಕ್ಸ್ ಜೊತೆಗಿರುತ್ತದೆ; ಅರ್ಧ ಪುಟಗಳು ಮಸಿಮಸಿ, ನರ್ಸಿಂಗ್ ಚಾರ್ಟು ಇರುವುದೇ ಇಲ್ಲ. ಪತ್ರದಲ್ಲಿರುವ ಪ್ರಶ್ನೆ ಒಂದೇ: ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಕಂಡುಬರುತ್ತದೆಯೇ? ತಿಂಗಳುಗಳ ನಂತರ ಉತ್ತರ ಬರುತ್ತದೆ. ದಾಖಲೆಗಳನ್ನು ಪರಿಶೀಲಿಸಲಾಗಿ ಚಿಕಿತ್ಸೆಯು ನಿಗದಿತ ಕ್ರಮದಲ್ಲೇ ನಡೆದಿರುವುದು ಕಂಡುಬರುತ್ತದೆ, ಆದಾಗ್ಯೂ ಇನ್ನಷ್ಟು ಎಚ್ಚರ ವಹಿಸಬಹುದಿತ್ತು. ಕೆಳಗೆ ಮೂರು ಸಹಿ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಆಸ್ಪತ್ರೆಯ ವಕೀಲರು ಮೊದಲರ್ಧ ಓದುತ್ತಾರೆ, ದೂರುದಾರರ ವಕೀಲರು ಕೊನೆಯರ್ಧ ಓದುತ್ತಾರೆ.

ಸಹಿ ಹಾಕಿದ ಮೂವರನ್ನೇ ಬೈಯುವುದು ಅನ್ಯಾಯ. ನಿರ್ಲಕ್ಷ್ಯವಾಗಿದೆಯೇ ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯೇ ಅಲ್ಲ. ಸಂಗತಿಗಳನ್ನೂ ಕಾನೂನನ್ನೂ ಕೂಡಿಸಿ ಕೋರ್ಟ್ ತಲುಪಬೇಕಾದ ತೀರ್ಮಾನ. ತೀರ್ಪು ಕೊಡಿ ಎಂದು ಕೇಳಿದಾಗ ವೈದ್ಯರು ಸಹೋದ್ಯೋಗಿಗೆ ತೀರ್ಪು ಕೊಡಲು ಹಿಂಜರಿಯುತ್ತಾರೆ, ಮನುಷ್ಯಸಹಜ. ಅದರ ಬದಲು, ಈ ರೋಗಿಗೆ ಬೆಳಗ್ಗೆ ಈ ರಕ್ತದೊತ್ತಡ ಇದ್ದಾಗ ಎಷ್ಟು ಗಂಟೆಗೊಮ್ಮೆ ನೋಡಬೇಕಿತ್ತು, ದಾಖಲೆಯಲ್ಲಿ ಎಷ್ಟು ಸಲ ನೋಡಿದ್ದಾರೆ, ಸಂಜೆಗೆ ಬಂದ ವರದಿ ಮಧ್ಯಾಹ್ನವೇ ಬಂದಿದ್ದರೆ ಚಿಕಿತ್ಸೆ ಬದಲಾಗುತ್ತಿತ್ತೇ, ಬದಲಾಗಿದ್ದರೆ ಬದುಕುವ ಸಾಧ್ಯತೆ ಎಷ್ಟಿತ್ತು ಎಂದು ಕೇಳಿ. ಇವಕ್ಕೆ ಅದೇ ಪ್ರಾಧ್ಯಾಪಕರು ದಿನವೂ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ, ಸಾವುಗಳನ್ನು ಚರ್ಚಿಸುವ ಸಭೆಗಳಲ್ಲಿ, ಮುಲಾಜಿಲ್ಲದೆ ಉತ್ತರ ಕೊಡುತ್ತಾರೆ. ಆ ಸಭೆಗಳಲ್ಲಿ ಕೂತವರಿಗೆ ಗೊತ್ತು, ವೈದ್ಯರು ವೈದ್ಯರನ್ನು ಎಷ್ಟು ಕಟುವಾಗಿ ಪ್ರಶ್ನಿಸಬಲ್ಲರು ಎಂದು. ಅದೇ ಬಾಯಿ ಕೋರ್ಟಿನ ಲಕೋಟೆ ಕಂಡೊಡನೆ ಕಟ್ಟಿಹೋಗುವುದಕ್ಕೆ ಅರ್ಧ ಕಾರಣ ನಾವು ಕೇಳುವ ಪ್ರಶ್ನೆ.

ಪ್ರಶ್ನೆ ಸರಿಯಿದ್ದರೆ ಏನಾಗುತ್ತದೆ ಎಂಬುದಕ್ಕೆ ಭೋಪಾಲಿನ ಡೆಂಗಿ ಪ್ರಕರಣವಿದೆ. 2009ರ ನವೆಂಬರ್ 15ರ ಬೆಳಗ್ಗೆ 56 ವರ್ಷದ ಮಹಿಳೆಯೊಬ್ಬರು ಡೆಂಗಿ ಜ್ವರವೆಂದು ಆಸ್ಪತ್ರೆ ಸೇರಿ ಅಂದೇ ರಾತ್ರಿ ತೀರಿಕೊಂಡರು. ಕೊಟ್ಟ ಔಷಧ, ದ್ರಾವಣಗಳೆಲ್ಲ ಮಾರ್ಗಸೂಚಿಯಂತೆಯೇ ಇದ್ದವು. ಹಾಗಾಗಿ ರಾಷ್ಟ್ರೀಯ ಆಯೋಗ ದೂರನ್ನು ತಳ್ಳಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಬೇರೆಯದನ್ನು. ವಿಶ್ವ ಆರೋಗ್ಯ ಸಂಸ್ಥೆಯ ಡೆಂಗಿ ಮಾರ್ಗಸೂಚಿಗಳಲ್ಲಿ ಅಪಾಯದ ಹಂತದ ರೋಗಿಯ ರಕ್ತದ ಅಂಶಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂದಿದೆ. ಈ ರೋಗಿಯ ವಿಷಯದಲ್ಲಿ ಬೆಳಗಿನ ಪರೀಕ್ಷೆಯ ನಂತರ ಸಂಜೆಯವರೆಗೆ ಅದು ನಡೆದೇ ಇಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ ಶಿಸ್ತು ಸಮಿತಿಯೂ ಚಿಕಿತ್ಸೆ ಕ್ರಮಬದ್ಧವಾಗಿದ್ದರೂ ಸಕಾಲಕ್ಕೆ ಸಿಗಲಿಲ್ಲ ಎಂದಿತ್ತು. ಕೋರ್ಟ್ 15 ಲಕ್ಷ ರೂಪಾಯಿ ಕೊಡಿಸಿತು. ಇಲ್ಲಿ ಗೆದ್ದದ್ದು ಯಾರದೋ ಹೆಸರಿನ ಮುಂದಿನ ಪದವಿಗಳಲ್ಲ. ಮುದ್ರಿತ ಮಾರ್ಗಸೂಚಿ ಒಂದು ಕಡೆ, ಕೇಸ್ ಶೀಟಿನ ಖಾಲಿ ಗಂಟೆಗಳು ಇನ್ನೊಂದು ಕಡೆ. ಹೀಗೆ ಅಕ್ಕಪಕ್ಕ ಇಟ್ಟು ತೋರಿಸುವುದೇ ತಜ್ಞರ ಕೆಲಸ.

ಕೇಸ್ ಶೀಟನ್ನು ಕೇಳಿದ 72 ಗಂಟೆಗಳಲ್ಲಿ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲಿದೆ. ಕೈಗೆ ಡಿಸ್ಚಾರ್ಜ್ ಸಮ್ಮರಿ ಕೊಟ್ಟು ಕಳಿಸಿದರೆ ಅದೇ ಕೇಸ್ ಶೀಟೆಂದು ನಂಬಿ ಮನೆಗೆ ಹೋಗುವವರೇ ಹೆಚ್ಚು. ಆಮೇಲೆ ಎಂಥ ದೊಡ್ಡ ತಜ್ಞರು ಬಂದರೂ ಆ ಒಂದೂವರೆ ಪುಟದಲ್ಲಿ ಓದಲು ಏನೂ ಇರುವುದಿಲ್ಲ.

ತಜ್ಞರು ಯಾರಿಗೆ ಸಿಗುತ್ತಾರೆ ಎಂಬುದು ಇನ್ನೂ ಕಹಿಯಾದ ವಿಚಾರ. ದೇಶದಲ್ಲೇ ದೊಡ್ಡ ಪರಿಹಾರವೆಂದು ಹೆಸರಾದ ಕೋಲ್ಕತ್ತದ ಪ್ರಕರಣವನ್ನು ನೋಡಿ. 1998ರಲ್ಲಿ ಅಮೆರಿಕದಿಂದ ರಜೆಗೆ ಬಂದಿದ್ದ ಅನುರಾಧಾ ಸಹಾ ಅವರಿಗೆ ಚರ್ಮದ ಮೇಲೆ ಗಂಧೆಯಂತೆ ಎದ್ದದ್ದು ಕೊನೆಗೆ ಚರ್ಮವೇ ಸುಲಿದುಹೋಗುವ ಮಾರಕ ಕಾಯಿಲೆಯಾಯಿತು. ಡೆಪೊಮೆಡ್ರಾಲ್ ಎಂಬ, ದೇಹದಲ್ಲಿ ದೀರ್ಘಕಾಲ ಉಳಿಯುವ ಸ್ಟೀರಾಯ್ಡನ್ನು ದಿನಕ್ಕೆ ಎರಡು ಸಲ 80 ಮಿಲಿಗ್ರಾಂನಂತೆ ಬರೆದಿದ್ದರು. ಮೇ 28ರಂದು ಅವರು ಮುಂಬೈಯಲ್ಲಿ ತೀರಿಕೊಂಡರು. 2006ರಲ್ಲಿ ರಾಷ್ಟ್ರೀಯ ಆಯೋಗ ದೂರನ್ನು ವಜಾ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಿರುಗಿಸಿತು. ವೈದ್ಯಕೀಯ ಗ್ರಂಥಗಳು, ಔಷಧ ಕಂಪನಿಯ ಸೂಚನೆಗಳು, ವಿದೇಶಿ ತಜ್ಞರ ಅಭಿಪ್ರಾಯಗಳು ಅಲ್ಲಿ ಚರ್ಚೆಗೆ ಬಂದವು. 2013ರ ಅಕ್ಟೋಬರಿನಲ್ಲಿ 5.96 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಲು ಆದೇಶವಾಯಿತು. ಹದಿನೈದು ವರ್ಷ ಹೋರಾಡಿದ ಗಂಡ ಕುನಾಲ್ ಸಹಾ ಸ್ವತಃ ವೈದ್ಯರು, ಅಮೆರಿಕದಲ್ಲಿ ಸಂಶೋಧಕರು. ಯಾವ ಪುಸ್ತಕದಲ್ಲಿ ಏನಿದೆ, ಜಗತ್ತಿನಲ್ಲಿ ಈ ಕಾಯಿಲೆ ಬಲ್ಲವರು ಯಾರು ಎಂಬುದು ಅವರಿಗೆ ಗೊತ್ತಿತ್ತು. ಹೈದರಾಬಾದಿನ ಸರ್ಕಾರಿ ಸಂಸ್ಥೆಯಲ್ಲಿ ಎದೆಯ ಗಡ್ಡೆಯ ಶಸ್ತ್ರಕ್ರಿಯೆಯ ನಂತರ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿಗೆ 2009ರಲ್ಲಿ 1 ಕೋಟಿ ರೂಪಾಯಿ ಸಿಕ್ಕಿತು. ಅವರು ಗಾಲಿಕುರ್ಚಿಯಲ್ಲಿ ಕೂತು ತಮ್ಮ ವಾದವನ್ನು ತಾವೇ ಮಂಡಿಸಿದ್ದರು. ಇಬ್ಬರೂ ತಮ್ಮ ಪ್ರಕರಣದ ವೈದ್ಯಶಾಸ್ತ್ರವನ್ನು ತಾವೇ ಓದಿ ಅರಗಿಸಿಕೊಂಡವರು. ಸಿಂಧನೂರಿನ ಕೃಷಿ ಕೂಲಿಯೊಬ್ಬ ಹೆಂಡತಿಯ ಸಾವಿನ ಕಾಗದ ಹಿಡಿದು ಯಾವ ಪ್ರಾಧ್ಯಾಪಕರ ಮನೆಯ ಬಾಗಿಲು ತಟ್ಟಬೇಕು? ತಟ್ಟಿದರೂ ಅವರು ತಮ್ಮದೇ ಊರಿನ, ವೈದ್ಯರ ಸಂಘವಾದ ಐಎಂಎ ಶಾಖೆಯ ಸಭೆಯಲ್ಲಿ ಪಕ್ಕದಲ್ಲಿ ಕೂರುವ ವೈದ್ಯರ ವಿರುದ್ಧ ಬರೆದುಕೊಡುತ್ತಾರೆಯೇ?

ವೈದ್ಯರ ಕಡೆಯ ಮಾತೂ ಇದೆ, ಅದನ್ನು ಹಗುರ ಮಾಡಬಾರದು. ಫಲ ತಿಳಿದ ಮೇಲೆ ಕಡತ ಓದುವವರಿಗೆ ಎಲ್ಲ ಸೂಚನೆಗಳೂ ಎದ್ದು ಕಾಣುತ್ತವೆ. ನಡುರಾತ್ರಿ ಕ್ಯಾಶುವಾಲಿಟಿಯಲ್ಲಿ ನಿಂತವರಿಗೆ ಆರು ರೋಗಿಗಳ ನಡುವೆ ಅದೊಂದು ಕೆಮ್ಮು. ಮೂಳೆತಜ್ಞರೊಬ್ಬರು ನವಜಾತ ಶಿಶುವಿನ ಚಿಕಿತ್ಸೆಯ ಬಗ್ಗೆ ಅಭಿಪ್ರಾಯ ಕೊಟ್ಟರೆ ಅದು ಅಪಾಯಕರ. ತಜ್ಞರೇ ಎಡವಿದ ದಾಖಲೆಯೂ ಇದೆ. ಇಂಗ್ಲೆಂಡಿನಲ್ಲಿ ಎರಡು ಹಸುಳೆಗಳ ಸಾವಿಗೆ ತಾಯಿ ಸ್ಯಾಲಿ ಕ್ಲಾರ್ಕ್ ಜೈಲು ಸೇರಿದ್ದರ ಹಿಂದೆ ಮಕ್ಕಳ ತಜ್ಞ ರಾಯ್ ಮೆಡೋ ಹೇಳಿದ 'ಏಳು ಕೋಟಿ ಮೂವತ್ತು ಲಕ್ಷದಲ್ಲಿ ಒಂದು' ಎಂಬ ಲೆಕ್ಕವಿತ್ತು. ಆ ಗಣಿತ ತಪ್ಪು. ಆಕೆ ಬಿಡುಗಡೆಯಾದದ್ದು 2003ರಲ್ಲಿ. ಅದು ಚಿಕಿತ್ಸೆಯ ನಿರ್ಲಕ್ಷ್ಯದ ಮೊಕದ್ದಮೆಯಲ್ಲ, ಆದರೆ ತನ್ನ ಕ್ಷೇತ್ರ ದಾಟಿ ಮಾತಾಡಿದ ತಜ್ಞರನ್ನು ಯಾರೂ ತಡೆಯದಿದ್ದರೆ ಎಲ್ಲಿಗೆ ತಲುಪುತ್ತೇವೆ ಎಂದು ತೋರಿಸಿತು.

ನಮ್ಮಲ್ಲಿ ತಜ್ಞರ ವರದಿ ಕೋರ್ಟಿನ ಹೊರಗೂ ದೊಡ್ಡ ಕೆಲಸ ಮಾಡುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಮೊದಲ ಸಿಟ್ಟು ಹರಿದದ್ದು ಶಸ್ತ್ರಕ್ರಿಯೆ ಮಾಡಿದವರ ಮೇಲೆ. ಸರ್ಕಾರ ಕಳಿಸಿದ ತಜ್ಞರ ತಂಡದ ಶಂಕೆ ಹೋದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆ. ಆಮೇಲೆ ಕ್ರಮ ಔಷಧ ನಿಯಂತ್ರಣ ಇಲಾಖೆಯತ್ತ ತಿರುಗಿತು. ತಜ್ಞರು ಹೋಗದೇ ಇದ್ದಿದ್ದರೆ ಒಬ್ಬಿಬ್ಬರು ವೈದ್ಯರ ಅಮಾನತಿನಲ್ಲಿ ವಿಷಯ ಮುಗಿದು, ದ್ರಾವಣದ ಬಾಟಲಿಗಳು ಬೇರೆ ತಾಲ್ಲೂಕುಗಳಲ್ಲಿ ತೂಗುತ್ತಲೇ ಇರಬಹುದಿತ್ತು.

ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದಲ್ಲಿ ಎರಡೂ ಪಕ್ಷಗಳು ಹಣ ಕೊಟ್ಟು ತಜ್ಞರನ್ನು ತರುತ್ತವೆ, ಸಾಕ್ಷ್ಯ ಹೇಳುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. 1993ರ ಡೌಬರ್ಟ್ ತೀರ್ಪಿನ ನಂತರ ಅಲ್ಲಿನ ಫೆಡರಲ್ ನ್ಯಾಯಾಧೀಶರು ತಜ್ಞರ ವಿಧಾನ ವೈಜ್ಞಾನಿಕವೇ ಎಂದು ಮೊದಲೇ ಜರಡಿ ಹಿಡಿಯಬೇಕು. ನಮಗೆ ಆ ಮಾದರಿ ಬೇಡ, ದುಡ್ಡಿದ್ದವರಿಗೆ ಮೇಲುಗೈಯಾಗುತ್ತದೆ. ಇಂಗ್ಲೆಂಡಿನ 1999ರ ಸಿವಿಲ್ ನಿಯಮಗಳ ಪ್ರಕಾರ ತಜ್ಞರ ಮೊದಲ ನಿಷ್ಠೆ ಕೋರ್ಟಿಗೆ, ಹಣ ಕೊಟ್ಟವರಿಗಲ್ಲ. ಆಸ್ಟ್ರೇಲಿಯಾದಲ್ಲಿ ಎರಡೂ ಕಡೆಯ ತಜ್ಞರನ್ನು ಒಟ್ಟಿಗೇ ಕೂರಿಸಿ, ನ್ಯಾಯಾಧೀಶರ ಎದುರಿನಲ್ಲೇ ಪರಸ್ಪರ ಮಾತಾಡಲು ಬಿಡುತ್ತಾರೆ. ಅಲ್ಲಿನ ವಕೀಲರು ಅದಕ್ಕೆ 'ಹಾಟ್ ಟಬ್' ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ಒಪ್ಪುವ ಅಂಶಗಳು ಬೇಗ ಬದಿಗೆ ಸರಿದು ಜಗಳ ಎಲ್ಲಿದೆಯೋ ಅಷ್ಟೇ ಉಳಿಯುತ್ತದೆ. ವೈದ್ಯರ ಮುಂದೆ ವೈದ್ಯರು ಸುಳ್ಳು ಹೇಳುವುದು ವಕೀಲರ ಮುಂದೆ ಹೇಳುವುದಕ್ಕಿಂತ ಕಷ್ಟ.

ನಮ್ಮ ಜಿಲ್ಲಾ ಆಯೋಗಗಳಿಗೆ ಇಷ್ಟೆಲ್ಲ ಬೇಕಿಲ್ಲ. ಎರಡೂ ಕಡೆಯ ವಕೀಲರು ಕೂತು ಐದಾರು ನಿರ್ದಿಷ್ಟ ಪ್ರಶ್ನೆ ಬರೆದು, ಆಯೋಗ ಅವನ್ನು ಒಪ್ಪಿ, ಪೂರ್ತಿ ಕೇಸ್ ಶೀಟಿನೊಂದಿಗೆ ಬೇರೆ ಜಿಲ್ಲೆಯ ಕಾಲೇಜಿಗೆ ಕಳಿಸಬಹುದು. ಮಂಗಳೂರಿನ ಪ್ರಕರಣವನ್ನು ಹುಬ್ಬಳ್ಳಿಯವರು, ಹುಬ್ಬಳ್ಳಿಯದನ್ನು ಮೈಸೂರಿನವರು ನೋಡಲಿ. ಉತ್ತರದಲ್ಲಿ ಕಾರಣ, ಆಧಾರಗ್ರಂಥ, ಬರೆದವರ ವಿಶೇಷ ಅಧ್ಯಯನದ ಶಾಖೆ ಇರಲಿ. ಬರೆದವರು ಒಂದು ಗಂಟೆ ವಿಡಿಯೊದಲ್ಲಿ ಪಾಟೀಸವಾಲಿಗೆ ಸಿಗಲಿ. 2002ರಲ್ಲಿ ಕನಸಿನಂತಿದ್ದ ಆ ಮಾತು ಕೋವಿಡ್ ನಂತರ ಮಾಮೂಲಿಯಾಗಿದೆ.

ಬಗೆಹರಿಯದೆ ಉಳಿಯುವುದು ಹಣದ ಲೆಕ್ಕ. ಮುನ್ನೂರು ಪುಟದ ಕಡತ ಓದಿ ಕಾರಣಸಹಿತ ವರದಿ ಬರೆಯಲು ಹಿರಿಯ ವೈದ್ಯರಿಗೆ ಎರಡು ಭಾನುವಾರಗಳಾದರೂ ಬೇಕು. ಆ ದುಡಿಮೆಗೆ ಕೂಲಿ ಕೊಡದೆ ಸರ್ಕಾರಿ ಕೆಲಸದ ಭಾಗವೆಂದು ಹೇರಿದರೆ ಬರುವುದು ಮತ್ತದೇ ಮೂರು ಸಹಿಯ ಎರಡು ಸಾಲು. ದೂರುದಾರರೇ ಕೊಡಲಿ ಎಂದರೆ ಸಿಂಧನೂರಿನವನು ಬಾಗಿಲಲ್ಲೇ ಉಳಿಯುತ್ತಾನೆ. ಆಸ್ಪತ್ರೆಗಳ ವಿಮಾ ಕಂಪನಿಗಳು ತಮ್ಮ ವಕೀಲರಿಗೆ ಈಗಾಗಲೇ ಹಣ ಕೊಡುತ್ತಿವೆ. ಖಾಸಗಿ ಆಸ್ಪತ್ರೆಗಳು ನೋಂದಣಿಗೆಂದು ಸರ್ಕಾರಕ್ಕೆ ಶುಲ್ಕ ಕಟ್ಟುತ್ತಿವೆ. ಆಯೋಗಗಳ ಕೈಗೆ ತಜ್ಞರ ಶುಲ್ಕಕ್ಕೆಂದೇ ಒಂದು ನಿಧಿ ಕೊಡುವುದಾದರೆ ಕೈಹಾಕಬೇಕಾದ ಜೇಬುಗಳು ಇವು.